ಕೊನೆಯ ಚರಣಕ್ಕೆ ಬೀಗ

ನಮ್ಮ ಮನೆಯಲ್ಲಿ ಇಬ್ಬರು ಕಳ್ಳರಿದ್ದಾರೆ ಎಂದು ನನ್ನ ಮಗಳು ಬಂದವರಿಗೆಲ್ಲ ಹೇಳುತ್ತಾಳೆ. ಒಂದು ಬೆಕ್ಕು, ಇನ್ನೊಂದು ನಾನು. ಬೆಕ್ಕು ಹಾಲು ಕದಿಯುತ್ತದೆ, ನಾನು ಹಾಡು ಕದಿಯುತ್ತೇನೆ. ಬೆಕ್ಕಿಗೆ ಬುದ್ಧಿ ಇಲ್ಲ, ಅಪ್ಪನಿಗೆ ಇದ್ದೂ ಇಲ್ಲ ಎಂಬುದು ಅವಳ ತೀರ್ಪು.

ನನ್ನ ಕಳ್ಳತನ ಹೀಗೆ. ಶಿವಾಜಿನಗರದ ಸಂದಿಯೊಂದರಲ್ಲಿ ಮೊಬೈಲ್ ಅಂಗಡಿ ಇದೆ. ಪೆನ್‌ಡ್ರೈವ್ ಕೊಟ್ಟು, ಯಾವ ಹಾಡು ಬೇಕೆಂದು ಹೇಳಿ, ಒಂದು ಟೀ ಕುಡಿದು ಬರುವಷ್ಟರಲ್ಲಿ ಅವನು ಎಲ್ಲಿಂದಲೋ ಡೌನ್‌ಲೋಡ್ ಮಾಡಿ ತುಂಬಿಸಿ ಇಟ್ಟಿರುತ್ತಾನೆ. ತತ್ವಪದ, ಭಜನೆ, ಹಳೇ ನಾಟಕದ ಹಾಡು, ಕವಾಲಿ, ಎಲ್ಲ. ನನ್ನ ಎಡಗಿವಿ ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ತಗಡು ಒತ್ತುವ ಯಂತ್ರದ ಪಕ್ಕ ನಿಂತೂ ನಿಂತೂ ಕೆಟ್ಟುಹೋಗಿದೆ. ಉಳಿದಿರುವ ಬಲಗಿವಿಗೆ ಇಷ್ಟೂ ಬೇಡವೇ ಎಂಬುದು ನನ್ನ ವಾದ. ಮಗಳು ಒಪ್ಪುವುದಿಲ್ಲ. ಅವಳು ತಿಂಗಳು ತಿಂಗಳು ದುಡ್ಡು ಕಟ್ಟಿಯೇ ಹಾಡು ಕೇಳುವವಳು. ಕಟ್ಟುವುದಷ್ಟೇ ಅಲ್ಲ, ಕಟ್ಟಿದ್ದೇನೆಂದು ಹೇಳುವವಳು ಕೂಡ.

ಅವಳ ಸಿಟ್ಟಿಗೆ ಕಾರಣವಿಲ್ಲದೆ ಇಲ್ಲ. ಇಂದಿರಾನಗರದ ಒಂದು ಆಫೀಸಿನಲ್ಲಿ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು ಅವಳ ಕೆಲಸ. ಛತ್ರಿ ಹಿಡಿದ ಆನೆಯೊಂದನ್ನು ಬಹಳ ಪ್ರೀತಿಯಿಂದ ಬರೆದಿದ್ದಳು. ಒಂದು ದಿನ ನಾವಿಬ್ಬರೂ ಶಿವಾಜಿನಗರದಲ್ಲಿ ನಡೆದು ಹೋಗುತ್ತಿದ್ದರೆ ಅದೇ ಆನೆ ಅದೇ ಛತ್ರಿ ಹಿಡಿದು ಫುಟ್‌ಪಾತಿನ ಸ್ಕೂಲ್ ಬ್ಯಾಗುಗಳ ಮೇಲೆ ಸಾಲಾಗಿ ನೇತಾಡುತ್ತಿತ್ತು. ಇದು ನಾನು ಬರೆದದ್ದು ಎಂದು ಅವಳು ಮಾರುವವನಿಗೆ ಹೇಳಿದಳು. ಅವನು ಖುಷಿಯಿಂದ, "ಹೌದಾ ಮೇಡಂ, ಹಂಗಾದ್ರೆ ಒಂದ್ ತಗೊಳಿ," ಎಂದ. ತನ್ನ ಆನೆಯನ್ನೇ ಚೌಕಾಸಿ ಮಾಡಿ ಕೊಂಡು ತಂದಳು. ಆ ಬ್ಯಾಗು ಈಗಲೂ ಅವಳ ಕೋಣೆಯ ಬಾಗಿಲ ಹಿಂದೆ ತೂಗುತ್ತಿದೆ, ನನ್ನ ಜೊತೆ ಜಗಳವಾಡುವಾಗ ಸಾಕ್ಷಿಗೆ ಕರೆಯಲು.

ನನ್ನ ನ್ಯಾಯ ಬೇರೆ. ನಾನು ಹಲಸೂರಿನ ಭಜನಾ ಮಂಡಳಿಯಲ್ಲಿ ಬೆಳೆದವನು. ಕಾರ್ಖಾನೆಯ ಪಾಳಿ ಮುಗಿಸಿ ಬಂದು ಏಕತಾರಿ ಹಿಡಿದು ಕೂತರೆ ಹಸಿವು ಗೊತ್ತಾಗುತ್ತಿರಲಿಲ್ಲ. ಅಲ್ಲಿ ಯಾರೂ ಯಾರಿಗೂ ಹಾಡಿಗೆ ದುಡ್ಡು ಕೊಟ್ಟದ್ದಿಲ್ಲ. ಹಾಡು ಬೇಕಾದವನು ಬಂದು ಪಕ್ಕದಲ್ಲಿ ಕೂತು ಕಲಿಯುತ್ತಾನೆ, ಎದ್ದು ಹೋಗಿ ಎಲ್ಲಿ ಬೇಕಾದರೂ ಹಾಡುತ್ತಾನೆ. ಆದರೆ ಒಂದೇ ಒಂದು ಕಟ್ಟಳೆ. ತತ್ವಪದದ ಕೊನೆಯ ಚರಣದಲ್ಲಿ ಕಟ್ಟಿದವರ ಗುರುತು ಇರುತ್ತದಲ್ಲ, ಅಂಕಿತ, ಅದನ್ನು ನುಂಗಬಾರದು. ಹೊತ್ತಾಯಿತೆಂದೋ ಮರೆತೋ ಯಾರಾದರೂ ಅಂಕಿತ ನುಂಗಿದರೆ ನಮ್ಮ ಮಂಡಳಿಯಲ್ಲಿ ಅವನು ಅದೇ ಹಾಡನ್ನು ಮೊದಲಿನಿಂದ ಹಾಡಬೇಕು. ಕೆಲವರ ವಿಷಯದಲ್ಲಿ ಅದು ಕೇಳುವವರಿಗೂ ಶಿಕ್ಷೆಯೇ. ಅಂಕಿತವಿಲ್ಲದ ಹಾಡು ತಬ್ಬಲಿ. ಅಂಕಿತ ಹೇಳಿದರೆ ಕೊಡಬೇಕಾದ್ದೆಲ್ಲ ಕೊಟ್ಟಂತೆ. ಹೀಗೆ ನಂಬಿಕೊಂಡು ನಾನು ಮುದುಕನಾದೆ.

"ನಿನಗೆ ಫ್ಯಾಕ್ಟರಿ ಸಂಬಳ ಬರ್ತಿತ್ತು ಅಪ್ಪ. ಅದಕ್ಕೆ ಹಾಡು ಪುಕ್ಕಟೆ ಕೊಟ್ಟೆ," ಎಂದಳು ಮಗಳು ಒಮ್ಮೆ. "ಹಾಡನ್ನೇ ನಂಬ್ಕೊಂಡೋರು ಏನ್ ಮಾಡ್ಬೇಕು? ಅಂಕಿತ ಬೇಯಿಸ್ಕೊಂಡ್ ತಿನ್ನೋಕಾಗತ್ತಾ?"

ಇಂಥ ಮಾತು ಬಂದಾಗ ನಾನು ಎಡಗಿವಿಯನ್ನು ಮುಂದೆ ಮಾಡುತ್ತೇನೆ.

ನಾನೂ ಹಾಡು ಕಟ್ಟುತ್ತೇನೆ. ಹತ್ತಾರು ಕಟ್ಟಿದ್ದೇನೆ, ಹೆಚ್ಚಿನವು ಸುಮಾರು. ಒಂದು ಮಾತ್ರ ಚೆನ್ನಾಗಿದೆ. ಅದು ನನಗೆ ಗೊತ್ತು, ಮಂಡಳಿಗೂ ಗೊತ್ತು. "ಬಾಡಿಗೆ ಮನೆ ಗೋಡೆಗೆ ಮೊಳೆ ಹೊಡಿಬ್ಯಾಡ, ಕೇಳ್ತಾನೆ ಓನರು ನಾಳೆ" ಎಂದು ಶುರುವಾಗುತ್ತದೆ. ಮೈಯೆಂಬ ಮನೆಯ ಮಾತು ಅದು, ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಮೊಳೆ, ಸುಣ್ಣ, ನಲ್ಲಿ, ಓನರ್ ಎಲ್ಲ ನಿಜವಾದವು, ನಾನೇ ಬಾಡಿಗೆ ಮನೆಗಳಲ್ಲಿ ಬೈಸಿಕೊಂಡವು. ಕೊನೆಯ ಚರಣ ಹೀಗಿದೆ: "ಮೊಳೆಯ ಕಿತ್ತರೂ ತೂತು ಹೋಗದು ಗೋಡೆಯಲ್ಲಿ, ಕಂಡವನು ಕೆರೆಯ ದಂಡೆಯ ಕಿವುಡ." ಕೆರೆಯ ದಂಡೆಯ ಕಿವುಡ ಎಂಬುದೇ ನನ್ನ ಅಂಕಿತ. ಹಲಸೂರು ಕೆರೆಯ ಹತ್ತಿರ ಮನೆ, ಕಿವಿಯ ಸಂಗತಿ ಹೇಳಿದ್ದೇನೆ. ನಾನು ಹೋದ ಮೇಲೂ ಯಾರಾದರೂ ಈ ಹಾಡಿನ ಕೊನೆಗೆ ಬಂದು ಆ ಮೂರು ಮಾತು ಹಾಡಲಿ ಎಂಬುದು ನನ್ನ ಒಂದೇ ಆಸೆ. ದೊಡ್ಡ ಆಸೆಯೇನಲ್ಲ ಎಂದುಕೊಂಡಿದ್ದೆ.

ಮಗಳೇ ಅದನ್ನು ರೆಕಾರ್ಡ್ ಮಾಡಿಸಿದಳು. ರಿಚರ್ಡ್ಸ್ ಟೌನಿನ ಹಳೇ ಬಂಗಲೆಯೊಂದರ ಹಿತ್ತಿಲ ಕೋಣೆಯಲ್ಲಿ ಸ್ಟುಡಿಯೋ. ನನ್ನ ಜೊತೆ ಮಂಡಳಿಯ ತಾಳದವನು ಬಂದಿದ್ದ. ಅವನು ನನ್ನ ಜೊತೆಯಲ್ಲೇ ಕಾರ್ಖಾನೆಯಲ್ಲಿದ್ದವನು, ನನ್ನ ತಪ್ಪು ಹಿಡಿಯಲೆಂದೇ ಹುಟ್ಟಿದವನು. ಇಬ್ಬರಿಗೂ ಕೆಮ್ಮಬಾರದೆಂದು ಅಪ್ಪಣೆಯಾಯಿತು. ಕೆಮ್ಮಬಾರದು ಎಂದ ಮೇಲೆ ಕೆಮ್ಮು ಬಿಡುತ್ತದೆಯೇ? ಅಂತೂ ಹಾಡಿ ಮುಗಿಸಿದೆವು. ಹಾಡು ಚೆನ್ನಾಗಿ ಬಂತು. ಮಗಳು ಅದನ್ನು ಇಂಟರ್ನೆಟ್ಟಿನಲ್ಲಿ ಹಾಕಿ, ಬೇಕಾದವರು ದುಡ್ಡು ಕೊಟ್ಟು ತೆಗೆದುಕೊಳ್ಳುವಂತೆ ಏರ್ಪಾಡು ಮಾಡಿದಳು. ತೆಗೆದುಕೊಂಡವರು ಅವಳು ಮತ್ತು ಅವಳ ಆಫೀಸಿನ ಪಕ್ಕದ ಸೀಟಿನವಳು. ನಾನು ಅವಳಿಗೆ ಚೆನ್ನಾಗಿ ಕಾಣುವ ಹಾಗೆ ಪೆನ್‌ಡ್ರೈವ್ ಹಿಡಿದು ಶಿವಾಜಿನಗರಕ್ಕೆ ಹೊರಟೆ.

ಅದಾಗಿ ಕೆಲವು ತಿಂಗಳಿಗೆ ನಮ್ಮ ಹಳೇ ಜೊತೆಗಾರನೊಬ್ಬನ ಗೃಹಪ್ರವೇಶಕ್ಕೆ ನಾನೂ ತಾಳದವನೂ ಮೆಟ್ರೊ ಹತ್ತಿ ಗರುಡಾಚಾರ್‌ಪಾಳ್ಯಕ್ಕೆ ಹೋದೆವು. ಊಟ ಮುಗಿಸಿ ಸ್ಟೇಷನ್ನಿಗೆ ನಡೆದು ಬರುವಾಗ ದಾರಿಯುದ್ದಕ್ಕೂ ಬಾಡಿಗೆ ಕೋಣೆಗಳ ಕಟ್ಟಡಗಳು, ಒಂದರ ಮೇಲೊಂದು. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಕೆಲಸಕ್ಕೆ ಬಂದವರು ಅಲ್ಲಿ ತುಂಬಿದ್ದಾರೆ. ಒಂದು ಕಟ್ಟಡದ ಮುಂದೆ ನಲ್ಲಿಯ ಹತ್ತಿರ ಒಬ್ಬಾತ ಬಟ್ಟೆ ಒಗೆಯುತ್ತಿದ್ದ. ಪಕ್ಕದ ಕಲ್ಲಿನ ಮೇಲಿದ್ದ ಸ್ಪೀಕರಿನಿಂದ ನನ್ನ ದನಿ ಬರುತ್ತಿತ್ತು.

ಮೊದಲು ತಾಳದವನೇ ನಿಂತ. "ನಿಂದೇ ಕಣೋ," ಎಂದ. ನಾನು ಬಲಗಿವಿ ತಿರುಗಿಸಿದೆ. ನನ್ನದೇ. ಮೊಳೆ, ಸುಣ್ಣ, ಓನರ್, ಎಲ್ಲ ಸರಿಯಾಗಿ ಬರುತ್ತಿತ್ತು. ಬಟ್ಟೆ ಒಗೆಯುವವನು ನನ್ನ ತಾಳಕ್ಕೆ ಸರಿಯಾಗಿ ಪ್ಯಾಂಟನ್ನು ಕಲ್ಲಿಗೆ ಬಡಿಯುತ್ತಿದ್ದ. ಆ ಹೊತ್ತಿನಲ್ಲಿ ಆದ ಸಂತೋಷವನ್ನು ಮುಚ್ಚಿಡುವುದೇಕೆ, ನನ್ನ ಕಣ್ಣು ಒದ್ದೆಯಾಯಿತು. ಕದ್ದಿದ್ದಾರೋ ಕೊಂಡಿದ್ದಾರೋ ಎಂಬ ಯೋಚನೆ ಹತ್ತಿರಕ್ಕೂ ಬರಲಿಲ್ಲ. ಮೂರನೇ ಚರಣ ಮುಗಿಯಿತು. ಇನ್ನೇನು ಅಂಕಿತ ಬರಬೇಕು ಎಂದು ನಾನು ಮೈ ನೆಟ್ಟಗೆ ಮಾಡಿಕೊಂಡು ನಿಂತೆ. ಹಾಡು ಗಕ್ಕನೆ ನಿಂತು ಯಾವುದೋ ಸಿನಿಮಾ ಹಾಡು ಶುರುವಾಯಿತು.

"ಇನ್ನೊಂದು ಚರಣ ಇದೆಯಲ್ಲಪ್ಪ," ಎಂದೆ.

"ಇಲ್ರೀ ಮುತ್ಯಾ, ಇಷ್ಟೇ ಅದ," ಎಂದ ಅವನು.

"ಯಾರ ಹಾಡಿದು?"

"ಯಾರ್ದೋ ಏನೋರಿ. ಯಾರೋ ಒಬ್ಬ ಮುತ್ಯಾಂದು. ತೀರಿಕೊಂಡಾನಂತ." ಪ್ಯಾಂಟ್ ಹಿಂಡುತ್ತಾ ಸ್ವಲ್ಪ ಮರುಕದಿಂದಲೇ ಹೇಳಿದ. "ಚಲೋ ಹಾಡ್ತಿದ್ದ."

ತಾಳದವನು ನಗು ತಡೆಯಲಾರದೆ ಗೋಡೆ ಹಿಡಿದುಕೊಂಡ. ಆ ಮುತ್ಯ ನಾನೇ ಎಂದೆ. ನಂಬಿಕೆ ಬರಲೆಂದು ಒಂದು ಸಾಲು ಹಾಡಿ ತೋರಿಸಿದೆ. ಗೃಹಪ್ರವೇಶದ ಊಟ ಗಂಟಲವರೆಗೆ ಇತ್ತು, ಹೊಸ ಹಲ್ಲಿನ ಸೆಟ್ಟು ಬೇರೆ. ಆತ ತಲೆ ಒಂದು ಕಡೆಗೆ ಓರೆ ಮಾಡಿ ಕೇಳಿ, "ಇರ್ಲಿ ಬಿಡ್ರಿ ಮುತ್ಯಾ, ನೀವೂ ಚಲೋ ಹಾಡ್ತೀರಿ," ಎಂದ. ಸೋಮವಾರ ಸಂಜೆ ಮೇಲೆ ತಾರಸಿಯಲ್ಲಿ ಭಜನೆ ಇರುತ್ತದೆ, ಈ ಪದವನ್ನೂ ಹಾಡುತ್ತಾರೆ, ಬನ್ನಿ ಎಂದು ಕರೆದ. ಹಾಡು ತುಂಬಿಸಿಕೊಟ್ಟ ಅಂಗಡಿ ಯಾವುದೆಂದೂ ಹೇಳಿದ. ಅದೇ ರಸ್ತೆಯ ಮೂಲೆಯಲ್ಲಿತ್ತು.

ಮನೆಯಲ್ಲಿ ಇದನ್ನು ಹೇಳಿದ್ದೇ ತಡ, ಮಗಳು ಉರಿದುಬಿದ್ದಳು. ಬಾಗಿಲ ಹಿಂದಿನ ಆನೆಯನ್ನು ಒಮ್ಮೆ ನೋಡಿದಳು. ನಾನೂ ಈ ಸಲ ಅವಳ ಪಕ್ಷವೇ ಆಗಿದ್ದೆ. ನನ್ನ ಲೆಕ್ಕದಲ್ಲಿ ಹಾಡು ಕದ್ದದ್ದು ತಪ್ಪಲ್ಲ, ಆದರೆ ಬಾಲ ಕತ್ತರಿಸಿದ್ದು ಮಹಾಪರಾಧ. ಹೀಗೆ ಅಪ್ಪ ಮಗಳು ಬೇರೆ ಬೇರೆ ಸಿಟ್ಟು ಹೊತ್ತುಕೊಂಡು ಸೋಮವಾರ ಒಂದೇ ಮೆಟ್ರೊದಲ್ಲಿ ಹೋದೆವು. ಮೊದಲು ಅಂಗಡಿ, ಆಮೇಲೆ ತಾರಸಿ ಎಂದು ತೀರ್ಮಾನವಾಗಿತ್ತು.

ಅಂಗಡಿಯವನು ಯಾರದೋ ಫೋನಿನ ಹೊಟ್ಟೆ ಬಿಚ್ಚಿ ಕೂತಿದ್ದ. ಮಗಳು ಹಾಡಿನ ಹೆಸರು ಹೇಳಿದಾಗ ಮುಖ ಅರಳಿತು. "ಮೊಳೆ ಹಾಡಾ ಮೇಡಂ? ಈ ಏರಿಯಾದಲ್ಲಿ ಅದೇ ಹಿಟ್ಟು. ಎಲ್ರೂ ಬಾಡಿಗೆ ರೂಮಲ್ಲವಾ. ಹಾಕ್ಲಾ?"

"ಕೊನೆ ಚರಣ ಯಾಕೆ ಕತ್ತರಿಸಿದ್ರಿ?" ಎಂದೆ ನಾನು, ನೇರವಾಗಿ ನನ್ನ ನೋವಿಗೇ ಬಂದು.

"ನಾನ್ಯಾಕೆ ಕತ್ತರಿಸಲಿ ಸರ್? ನೆಟ್ಟಲ್ಲೇ ಇಷ್ಟು ಬಿಟ್ಟಿದ್ರು. ಮೂರು ಚರಣ ಫ್ರೀ, ನಾಲ್ಕನೇದಕ್ಕೆ ಬೀಗ. ಕಾಸು ಕೊಟ್ರೆ ತೆಗೀತೀವಿ ಅಂತ ಬರ್ದಿತ್ತು. ಬೀಗ ಹಾಕಿದ್ ಬಿಟ್ಟು ಮಿಕ್ಕಿದ್ ತಗೊಂಡೆ." ಸ್ಕ್ರೂಡ್ರೈವರ್ ಎತ್ತಿ ಗಾಳಿಯಲ್ಲಿ ಆಡಿಸಿದ. "ಯಾರೋ ಅದೇ ಮುಖ್ಯವಾದ್ದನ್ನ ಒಳಗಿಟ್ಟು ಬೀಗ ಹಾಕಿದಾರೆ ನೋಡಿ."

ನಾನು ಮಗಳ ಕಡೆ ತಿರುಗಿದೆ. ಅವಳು ಅಂಗಡಿಯಲ್ಲಿ ನೇತುಹಾಕಿದ್ದ ಫೋನ್ ಕವರುಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

ಹೊರಗೆ ಬಂದ ಮೇಲೆ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. "ನನ್ನ ಬಾಯಿಗೆ ಬೀಗ ಹಾಕಿದ್ದು ನೀನು," ಎಂದೆ.

"ಕದ್ದಿದ್ದು ಅವರು, ಬೈಗುಳ ನನಗೆ," ಎಂದಳು. ದನಿ ಸಣ್ಣಗಾಗಿತ್ತು. "ಕೊನೇ ಚರಣ ಅಷ್ಟು ಚೆನ್ನಾಗಿದೆ ಅಂತಾನೇ ಅದಕ್ಕೆ ಬೀಗ ಹಾಕಿದ್ದು ಅಪ್ಪ. ಅದನ್ನ ಕೇಳ್ಬೇಕು ಅಂತಾದ್ರೂ ದುಡ್ಡು ಕೊಡ್ತಾರೆ ಅಂದ್ಕೊಂಡೆ. ನಿನ್ನ ಹಾಡಿಗೆ ಬೆಲೆ ಇಲ್ಲ ಅಂತ ಯಾರೂ ಅನ್ನಬಾರದು ಅಂತ."

ಅವಳಿಗೆ ಅಳು ಬಂದದ್ದು ನನಗೆ ಗೊತ್ತಾಯಿತು. ನಮ್ಮ ಮನೆಯಲ್ಲಿ ಅಳು ಬಂದಾಗ ತಿಂಡಿ ಕೊಡಿಸುವುದು ವಾಡಿಕೆ. ಗಾಡಿಯವನ ಹತ್ತಿರ ಮಿರ್ಚಿ ಭಜ್ಜಿ ಕೊಡಿಸಿದೆ. ಖಾರಕ್ಕೆ ಇಬ್ಬರ ಕಣ್ಣಲ್ಲೂ ನೀರು ಬಂದು ವಿಷಯ ಅಲ್ಲಿಗೆ ಮುಗಿಯಿತು.

ತಾರಸಿಯಲ್ಲಿ ಜಮಖಾನೆ ಹಾಸಿದ್ದರು. ನೀರಿನ ಟ್ಯಾಂಕಿನ ಪಕ್ಕ ಹಾರ್ಮೋನಿಯಂ, ದಮ್ಮಡಿ, ತಾಳ. ಬಟ್ಟೆ ಒಗೆಯುತ್ತಿದ್ದವನು ನನ್ನ ಗುರುತು ಹಿಡಿದು ಇಬ್ಬರನ್ನೂ ಮುಂದೆ ಕೂರಿಸಿದ. ಎರಡು ಮೂರು ಪದಗಳಾದ ಮೇಲೆ ಐವತ್ತು ದಾಟಿದ ಹೆಂಗಸೊಬ್ಬರು ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಹಾಡನ್ನು ಎತ್ತಿಕೊಂಡರು. ಹತ್ತಿರದ ಐಟಿ ಕಂಪನಿಯೊಂದರಲ್ಲಿ ಕ್ಯಾಂಟೀನ್ ಕೆಲಸ ಮಾಡುತ್ತಾರಂತೆ, ಇದೇ ಕಟ್ಟಡದ ಮೇಲಿನ ಕೋಣೆಯಲ್ಲಿ ವಾಸ. ನಾನು ನಿಧಾನವಾಗಿ ಹಾಡುವುದನ್ನು ಅವರು ಓಡಿಸಿಕೊಂಡು ಹಾಡಿದರು. ಓನರ್ ಬಂದು ಮೊಳೆ ಎಣಿಸುವ ಕಡೆ ಎಲ್ಲರೂ ನಗುತ್ತಿದ್ದರು, ಯಾರೋ ಕೆಳಗಿನ ಮನೆಯತ್ತ ಕೈ ತೋರಿಸಿದರು. ಮೂರನೇ ಚರಣ ಮುಗಿಯಿತು. ಇನ್ನು ನಿಲ್ಲುತ್ತದೆ, ಆಗ ಎದ್ದು ನನ್ನ ಚರಣ ಹಾಡಬೇಕು ಎಂದು ನಾನು ಗಂಟಲು ಸರಿಮಾಡಿಕೊಂಡೆ.

ಹಾಡು ನಿಲ್ಲಲಿಲ್ಲ.

"ಖಾಲಿ ಮಾಡೋ ದಿನ ಕಸ ಹೊಡದು ಹೋಗೋ, ಮುಂದ ಬರೋರ ಕಾಲಿಗಿ ಮೊಳಿ ಚುಚ್ಚದಂಗ, ಅಂದಾಳ ಮ್ಯಾಲಿನ ಮಾಳಿಗಿ ಮುದುಕಿ."

ಎಲ್ಲರೂ ಆ ಸಾಲನ್ನು ಎತ್ತಿ ಎತ್ತಿ ಹಾಡಿದರು. ನನ್ನ ಹಾಡಿನ ಕೊನೆಯಲ್ಲಿ, ನಾನು ಇರಬೇಕಾದ ಜಾಗದಲ್ಲಿ, ಬೇರೆ ಯಾರೋ ಚಾಪೆ ಹಾಸಿಕೊಂಡು ಕೂತಿದ್ದರು. ಅಂಕಿತ ನುಂಗುವುದನ್ನು ಕಂಡಿದ್ದೆ. ತಮ್ಮದನ್ನು ತಂದು ಇಡುವುದನ್ನು ಕಂಡಿರಲಿಲ್ಲ.

"ಮುದುಕಿ ಅಂದ್ರೆ ಯಾರಮ್ಮ?" ಎಂದೆ. ದನಿ ಗಟ್ಟಿಯಾಗಿಯೇ ಬಂತು.

"ನಾನೇರಿ," ಎಂದರು ಅವರು, ಹೆಮ್ಮೆಯಿಂದ.

"ಆ ಹಾಡು ಕಟ್ಟಿದೋನು ನಾನು. ನನ್ನ ಹಾಡಿಗೆ ನಿಮ್ಮ ಅಂಕಿತ ಹಾಕೋದು ಯಾವ ನ್ಯಾಯ?"

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ನೀವು ಸತ್ತಿಲ್ಲೇನ್ರಿ ಮುತ್ಯಾ?" ಎಂದು ಕೇಳಿದರು. ಕೇಳಿದ ರೀತಿಯಲ್ಲಿ ಕುಹಕವಿರಲಿಲ್ಲ, ನಿಜವಾಗಿ ತಿಳಿಯಬೇಕಿತ್ತು. "ಪದದಾಗ ಅಂಕಿತ ಇರ್ಲಿಲ್ಲ. ಕಟ್ಟಿದವರು ಬದುಕಿದ್ರ ಹಂಗ ಬಿಡ್ತಿದ್ರೇನು? ಸತ್ತಾರ ಅಂತ ತಿಳ್ಕೊಂಡೀವಿ. ಅಂಕಿತ ಇಲ್ಲದ ಪದ ಭಜನ್ಯಾಗ ಹಾಡಂಗಿಲ್ರಿ, ತಬ್ಬಲಿ ಪದ ಅದು. ಅದಕ್ಕ ಸಾಕ್ಕೊಂಡೆ."

ನಮ್ಮ ಮಂಡಳಿಯ ಕಟ್ಟಳೆಯನ್ನೇ ಆಕೆ ನನಗೆ ಹೇಳುತ್ತಿದ್ದರು. ಪಕ್ಕದಲ್ಲಿ ಮಗಳು ತನ್ನ ಕಾಲ ಬೆರಳನ್ನೇ ನೋಡುತ್ತಿದ್ದಳು.

"ಹಾಡ್ರಿ ನಿಮ್ಮ ನುಡಿ," ಎಂದರು ಆಕೆ. "ಸರಿ ಇದ್ರ ನಂದು ಬಿಡ್ತೀನಿ. ಆದರ ಒಂದು ಹೇಳ್ತೀನಿ, ನಿಮ್ಮ ಮೂರನೇ ನುಡಿ ಸ್ವಲ್ಪ ಜಗ್ಗತದ."

ಮೂರನೇ ಚರಣ ಎಳೆಯುತ್ತದೆ ಎಂದು ತಾಳದವನೂ ಹೇಳುತ್ತಾನೆ. ಅದನ್ನು ಕೇಳದವನಂತೆ ಎದ್ದು ನಿಂತು ನನ್ನ ಕೊನೆಯ ಚರಣ ಹಾಡಿದೆ. ಮೊಳೆ ಕಿತ್ತರೂ ತೂತು ಹೋಗದು, ಕಂಡವನು ಕೆರೆಯ ದಂಡೆಯ ಕಿವುಡ. ಚೆನ್ನಾಗಿಯೇ ಹಾಡಿದೆ. ದಮ್ಮಡಿಯವನು ತಲೆದೂಗಿದ, ಬಟ್ಟೆ ಒಗೆಯುವವನು ಇವರೇ ಆ ಮುತ್ಯ ಎಂದು ಎಲ್ಲರಿಗೂ ತಾನೇ ಕಂಡುಹಿಡಿದವನಂತೆ ಹೇಳಿದ. ಆಕೆ ಕಣ್ಣು ಮುಚ್ಚಿ ಕೇಳಿ, "ತೂತು ಹೋಗದು," ಎಂದು ತಮ್ಮಷ್ಟಕ್ಕೆ ಒಮ್ಮೆ ಅಂದುಕೊಂಡರು. "ಖರೇ ಅದ. ನಾ ನಂದು ಬಿಟ್ಟೆ, ತಗೋರಿ."

ಅಲ್ಲಿಗೆ ನನ್ನ ಆಸೆ ತೀರಿತು. ಸಂತೋಷ ಆಗಬೇಕಿತ್ತು. ಆದರೆ ವಾಪಸ್ ಬರುವಾಗ ಮೆಟ್ರೊದಲ್ಲಿ ನನ್ನ ತಲೆಯಲ್ಲಿ ತಿರುಗುತ್ತಿದ್ದುದು ನನ್ನ ಚರಣವಲ್ಲ, ಆಕೆಯದು. ನಾನು ಗೋಡೆಯ ತೂತು ನೋಡುತ್ತ ನಿಂತವನು. ಮುಂದೆ ಆ ಮನೆಗೆ ಯಾರೋ ಬರಿಗಾಲಿನಲ್ಲಿ ಬರುತ್ತಾರೆ ಎಂಬುದು ಇಷ್ಟು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ. ಹೊಟ್ಟೆಕಿಚ್ಚಾಯಿತು. ಬೈಯಪ್ಪನಹಳ್ಳಿ ಬರುವವರೆಗೂ ಹೊಟ್ಟೆಕಿಚ್ಚೇ ಆಯಿತು. ಮಗಳು ಆ ಹೊತ್ತಿಗೆ ಫೋನಿನಲ್ಲಿ ಏನೋ ಒತ್ತುತ್ತಿದ್ದಳು. "ಬೀಗ ತೆಗೆದೆ," ಎಂದಳು. "ಈಗ ಪೂರ್ತಿ ಹಾಡು ಎಲ್ರಿಗೂ. ಕೊಡೋ ಮನಸ್ಸಿದ್ದೋರು ಕೊಡ್ಲಿ ಅಂತ ಕೆಳಗೆ ಬರ್ದಿದೀನಿ. ಆದ್ರೆ ಆನೆ ವಿಷಯದಲ್ಲಿ ನಾನು ಬಗ್ಗಲ್ಲ." ಬಗ್ಗಬೇಡ ಎಂದೆ. ಮನಸಾರೆ ಹೇಳಿದೆ.

ಆ ವಾರದ ನಮ್ಮ ಹಲಸೂರಿನ ಭಜನೆಗೆ ಅವಳೂ ಬಂದಿದ್ದಳು. ಎಲ್ಲರೂ ಮೊಳೆ ಹಾಡು ಕೇಳಿದರು. ಹಾಡಿದೆ. ಕೆರೆಯ ದಂಡೆಯ ಕಿವುಡನವರೆಗೆ ಬಂದಾಗ ತಾಳದವನು ಮುಕ್ತಾಯದ ಪೆಟ್ಟು ಹಾಕಲು ಕೈ ಎತ್ತಿದ. ನಾನು ನಿಲ್ಲಿಸಲಿಲ್ಲ. ಖಾಲಿ ಮಾಡುವ ದಿನದ ಕಸಬರಿಗೆಯನ್ನೂ ಹಾಡಿ, ಮೇಲಿನ ಮಾಳಿಗೆಯ ಮುದುಕಿಯನ್ನೂ ಹಾಡಿ ಮುಗಿಸಿದೆ.

"ಒಂದು ಹಾಡಿಗೆ ಎರಡು ಅಂಕಿತ ಎಲ್ಲಿಂದ ಬಂತೋ?" ಎಂದ ತಾಳದವನು.

"ಡೌನ್‌ಲೋಡ್ ಮಾಡಿದೆ," ಎಂದೆ.

ಮಂಡಳಿ ನಕ್ಕಿತು. ಹಿಂದಿನ ಸಾಲಿನಿಂದ ಮಗಳು ಮಾತ್ರ ನಗದೆ ಕೇಳಿದಳು, "ಆಯಮ್ಮನ್ನ ಕೇಳಿದ್ಯಾ ಅಪ್ಪ?"

ಕೇಳಿರಲಿಲ್ಲ. ಎಡಗಿವಿ ಮುಂದೆ ಮಾಡೋಣವೆಂದುಕೊಂಡೆ, ಆದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮಗಳು ಆ ದಿನ ತಾರಸಿಯಲ್ಲಿ ಆಕೆಯ ನಂಬರ್ ತೆಗೆದುಕೊಂಡಿದ್ದಳು. ಅಲ್ಲೇ ಫೋನ್ ಹಚ್ಚಿ, ಸ್ಪೀಕರ್ ಹಾಕಿ ನನ್ನ ಬಲಗಿವಿಯ ಹತ್ತಿರ ಹಿಡಿದಳು. ಆ ಕಡೆ ಪಾತ್ರೆಯ ಸದ್ದು. ನಿಮ್ಮ ಚರಣ ನನ್ನ ಹಾಡಿನ ಜೊತೆ ಹಾಡಬಹುದೇ ಎಂದು ಕೇಳಿದೆ. ನಿನ್ನ ಹಾಡು ಹಾಡಲು ನೀನೇ ಅಪ್ಪಣೆ ಕೇಳುವ ದಿನ ಬಂತಲ್ಲ ಎಂದು ತಾಳದವನ ಮುಖ ಹೇಳುತ್ತಿತ್ತು.

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದಾಯಿತು. "ಹಾಡ್ರಿ ಮುತ್ಯಾ," ಎಂದರು ಆಕೆ. "ಆದರ ನಂದು ಕಡೀಕ ಇರ್ಲಿ. ನಿಮ್ಮ ತೂತು ಆದ ಮ್ಯಾಲೆ ನನ್ನ ಕಸಬರಿಗಿ ಬರಬೇಕು. ತಿರುವು ಮುರುವು ಮಾಡಬ್ಯಾಡ್ರಿ."

ಆಗಲಿ ಎಂದೆ. ಸುಲಭವಾಗಿ ಅನ್ನಲಿಲ್ಲ, ಆದರೆ ಅಂದೆ. ಅಂಕಿತ ನುಂಗಿರಲಿಲ್ಲ ನಿಜ, ಆದರೆ ಕೇಳದೆ ಹಾಡಿದ್ದಕ್ಕೂ ಮಂಡಳಿ ಅದೇ ಕಟ್ಟಳೆ ಹಾಕಿತು; ಆ ದಿನ ನಾನು ಅದೇ ಹಾಡನ್ನು ಮತ್ತೆ ಮೊದಲಿನಿಂದ ಹಾಡಬೇಕಾಯಿತು, ಈ ಸಲ ಕೇಳಿಕೊಂಡು.